ನಾನು ಮೇನ್ ಆರಿಸಿದ ಮಂಗಳವಾರ

ಕರೆಂಟು ಹೋಗಿರಲಿಲ್ಲ. ಮೇನ್ ಆರಿಸಿದ್ದು ನಾನು. ಸೊಸೆಯ ಕಂಪ್ಯೂಟರ್ ಕೆಟ್ಟದ್ದಕ್ಕೆ ಬೀದಿಯವರೆಲ್ಲ ಕರೆಂಟಿನವರನ್ನು ಬೈದರು, ಸೊಸೆ ತನ್ನನ್ನೇ ಬೈದುಕೊಂಡಳು, ನಾನು ಎರಡು ದಿನ ಬಾಯಿ ಮುಚ್ಚಿಕೊಂಡು ಕೂತಿದ್ದೆ. ನಡೆದದ್ದು ಇಷ್ಟೇ. ಹೇಗೆ ನಡೆಯಿತು ಅಂತ ಬರೆಯುತ್ತೇನೆ.

ನಾಲ್ಕನೇ ಕ್ಲಾಸಿನ ತನಕ ಓದಿದವಳು ನಾನು. ಅಕ್ಷರ ದೊಡ್ಡದಾಗಿದ್ದರೆ ಓದುತ್ತೇನೆ, ಬರೆಯುವಾಗ ಒತ್ತು ತಪ್ಪುತ್ತೇನೆ. ಇದನ್ನು ಟೈಪ್ ಮಾಡುವವಳೂ ಸೊಸೆಯೇ. ಒತ್ತು ಸರಿ ಮಾಡು, ಮಾತು ಮುಟ್ಟಬೇಡ ಎಂದು ಹೇಳಿದ್ದೇನೆ. ತನ್ನ ಬಗ್ಗೆ ಒಳ್ಳೆಯದು ಬಂದ ಕಡೆ ಅವಳು ಅಳಿಸಿಬಿಡುವ ಪೈಕಿ. ಅದಕ್ಕೇ ಕೊನೆಗೊಮ್ಮೆ ಓದಿಸಿ ಕೇಳುತ್ತೇನೆ.

ನಮ್ಮದು ಭದ್ರಾವತಿ. ಯಜಮಾನರು ಕಬ್ಬಿಣದ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ನಾನು ಮದುವೆಯಾಗಿ ಬಂದದ್ದು ಕ್ವಾರ್ಟರ್ಸಿಗೆ. ಬಂದ ಹೊಸತರಲ್ಲೇ ಹಿಂದಿನ ಸಾಲಿನವರು ಇಸ್ತ್ರಿಪೆಟ್ಟಿಗೆ ಆರಿಸದೆ ಹೊಳೆಹೊನ್ನೂರಿಗೆ ಮದುವೆಗೆ ಹೋದರು. ವಾಪಸು ಬರುವಷ್ಟರಲ್ಲಿ ಒಂದು ಕೋಣೆ ಕರಕಲಾಗಿತ್ತು. ಬೆಂಕಿ ಆರಿಸಲು ಹೋದವರಲ್ಲಿ ನಮ್ಮವರೂ ಒಬ್ಬರು. ಅವತ್ತು ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ನನಗೆ ಪಾಠ ಮಾಡಿದರು. ಮನೆ ಬಿಟ್ಟು ಹೊರಟರೆ ಗ್ಯಾಸ್ ಮುಚ್ಚು, ನಲ್ಲಿ ತಿರುಗಿಸು, ಮೇನ್ ಆರಿಸು, ಬೀಗ ಮೂರು ಸಲ ಜಗ್ಗಿ ನೋಡು. ಕೊತ್ತಂಬರಿ ಸೊಪ್ಪು ತರಲು ಹೋದರೂ ಅದೇ, ನಾಲ್ಕು ದಿನ ಊರಿಗೆ ಹೋದರೂ ಅದೇ. ಫ್ರಿಜ್ಜಿನಲ್ಲಿಟ್ಟ ಹಾಲು ಎಷ್ಟು ಸಲ ಒಡೆದಿದೆಯೋ. ಒಡೆದರೆ ಒಡೆಯಲಿ, ಮನೆ ನಿಂತಿದೆಯಲ್ಲ ಎನ್ನುತ್ತಿದ್ದರು.

ಅವರು ಹೋದ ಮೇಲೆ ಮಗ ಈಗಿರುವ ಸ್ವಂತ ಮನೆಯ ವೈರಿಂಗ್ ಎಲ್ಲ ಹೊಸದು ಮಾಡಿಸಿದ. ಏನಾದರೂ ಹೆಚ್ಚುಕಮ್ಮಿ ಆದರೆ ಈಗಿನ ಸ್ವಿಚ್ಚು ತಾನಾಗಿಯೇ ಬೀಳುತ್ತೆ, ಇನ್ನು ಆ ಮೇನ್ ಆರಿಸೋ ಚಟ ಬಿಡು ಅಂದ. ಬಿಟ್ಟೆ ಅಂದೆ. ಮಗ ಸೊಸೆ ಮನೆಯಲ್ಲಿದ್ದಾಗ ಬಿಟ್ಟಿದ್ದೆ. ಒಬ್ಬಳೇ ಬೀಗ ಹಾಕಿ ಹೊರಡುವಾಗ ಆರಿಸುತ್ತಿದ್ದೆ, ಬಂದ ತಕ್ಷಣ ಹಾಕುತ್ತಿದ್ದೆ. ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವಂಥ ನಷ್ಟವೂ ಆಗಿರಲಿಲ್ಲ.

ಸೊಸೆ ಮನೆಯಲ್ಲೇ ಟೈಪಿಂಗ್ ಮಾಡುತ್ತಾಳೆ. ಲಗ್ನಪತ್ರಿಕೆ, ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆ. ನಡುಮನೆಯ ಕಿಟಕಿ ಪಕ್ಕ ಅವಳ ಕಂಪ್ಯೂಟರ್. ಕರೆಂಟು ಹೋದರೆ ಹತ್ತು ನಿಮಿಷ ಕಾಯುವ ಯುಪಿಎಸ್ ಡಬ್ಬಿ ಒಂದಿತ್ತು, ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು. ಗೋಡೆಯ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಿದ್ದಳು.

ಆ ವರ್ಷ ಅವಳಿಗೆ ಮೊದಲ ಸಲ ಒಂದು ಪಿಎಚ್‌ಡಿ ಪುಸ್ತಕ ಬಂತು. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಓದುವ ಹುಡುಗಿಯದು. ಕಾರ್ಖಾನೆ ಕ್ವಾರ್ಟರ್ಸಿನ ಹೆಂಗಸರು ನಲ್ಲಿಕಟ್ಟೆಯ ಹತ್ತಿರ ಹೇಗೆ ಮಾತಾಡುತ್ತಿದ್ದರು ಎನ್ನುವುದು ಅವಳ ವಿಷಯ. ಇದಕ್ಕೂ ಪಿಎಚ್‌ಡಿ ಕೊಡುತ್ತಾರಾ ಎಂದು ಕೇಳಿದೆ. ಆ ಹುಡುಗಿ ಬೇಜಾರು ಮಾಡಿಕೊಳ್ಳಲಿಲ್ಲ, ನನ್ನ ಎದುರೇ ಕಾಲು ಮಡಚಿ ಕೂತಳು. ನನಗೆ ಗೊತ್ತಿದ್ದನ್ನು ಹೇಳಿದೆ. ನಮ್ಮ ಸಾಲಿಗೆ ಒಂದೇ ನಲ್ಲಿ. ನಾನು ಬಿಂದಿಗೆ ಅಂದರೆ ಎಡಗಡೆ ಮನೆಯ ತಮಿಳಿನವಳು ಕುಡಂ ಅನ್ನುತ್ತಿದ್ದಳು, ಬಲಗಡೆಯ ತೆಲುಗಿನವಳು ಬಿಂದೆ ಅನ್ನುತ್ತಿದ್ದಳು. ಸಮಾಧಾನವಿದ್ದಾಗ ಅವರವರ ಭಾಷೆ. ಜಗಳ ಬಂದರೆ ಮಾತ್ರ ನಾನು ತಮಿಳಿನಲ್ಲಿ ಬೈಯುತ್ತಿದ್ದೆ, ತಮಿಳಿನವಳು ಕನ್ನಡದಲ್ಲಿ ಬೈಯುತ್ತಿದ್ದಳು, ಬೈದದ್ದು ಎದುರಿನವರಿಗೆ ಸರಿಯಾಗಿ ನಾಟಲಿ ಅಂತ. ಹುಡುಗಿ ಪೆನ್ನು ಕೆಳಗಿಟ್ಟು ನಕ್ಕಳು. ಆಮೇಲೆ ಆ ಬೈಗುಳ ಯಾವುದು ಹೇಳಿ ಅಜ್ಜಿ ಅಂದಳು. ಹೇಳಿದೆ. ಸೊಸೆ ಅದನ್ನು ಟೈಪ್ ಮಾಡುವಾಗ ಕಿವಿ ಕೆಂಪಾಗಿತ್ತು.

ಹೀಗೆ ನನ್ನ ಮಾತು ಐದನೇ ಅಧ್ಯಾಯಕ್ಕೆ ಹೋಯಿತು. ಮೊದಲ ನಾಲ್ಕು ಅಧ್ಯಾಯ ಹುಡುಗಿಯ ಕೈಬರಹದಲ್ಲಿ ಇದ್ದವು. ಐದನೆಯದು ಹಾಗಲ್ಲ. ಪ್ರತಿ ಶನಿವಾರ ಬಂದು ಸೊಸೆಯ ಪಕ್ಕ ಕೂತು ಬಾಯಲ್ಲೇ ಹೇಳಿ ಹೊಡೆಸಿದ್ದು. ಅದು ಯಾವ ಕಾಗದದಲ್ಲೂ ಇರಲಿಲ್ಲ, ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ ಇತ್ತು. ಅವಳ ಗೈಡು ಮೇಷ್ಟ್ರಿಗೆ ಆ ಶುಕ್ರವಾರ ಕೊನೆಯ ದಿನ, ನಿವೃತ್ತಿ. ಅಷ್ಟರೊಳಗೆ ಪೂರ್ತಿ ಪುಸ್ತಕಕ್ಕೆ ಅವರ ಸಹಿ ಬೀಳದಿದ್ದರೆ ಹೊಸ ಗೈಡನ್ನು ಹುಡುಕಬೇಕು. ಹೊಸಬರು ಬಂದು ಇದೆಲ್ಲ ಬೇಡ, ಬೇರೆ ಬರಿ ಅಂದರೆ ಆರು ವರ್ಷದ ಓದು ಹೋಯಿತು. ಶುಕ್ರವಾರ ಬೆಳಿಗ್ಗೆ ನಿಮ್ಮ ಕೈಯಲ್ಲಿರುತ್ತೆ ಎಂದು ಸೊಸೆ ಮಾತು ಕೊಟ್ಟಿದ್ದಳು. ಅವಳಿಗೆ ಅದು ಬರೀ ಟೈಪಿಂಗ್ ಆಗಿರಲಿಲ್ಲ. ಇನ್ನೊಬ್ಬಳ ಓದು ತನ್ನ ಬೆರಳಿನ ತುದಿಯಲ್ಲಿ ನಿಂತಿದೆ ಎಂದು ಒಂದು ದಿನ ಅನ್ನ ಬಸಿಯುತ್ತಾ ಹೇಳಿದಳು.

ಮಂಗಳವಾರ ಮಧ್ಯಾಹ್ನ ಅವಳು ಹಾಳೆಯ ಕಟ್ಟು ತರಲು ಓಲ್ಡ್ ಟೌನಿಗೆ ಹೋದಳು. ಹತ್ತು ದಿನದಿಂದ ಆ ಮಿಷನ್ನು ಅಪ್‌ಡೇಟ್ ಮಾಡು, ಅಪ್‌ಡೇಟ್ ಮಾಡು ಎಂದು ಮಧ್ಯೆ ಮಧ್ಯೆ ಕೇಳುತ್ತಿತ್ತಂತೆ. ಹೋಗಿ ಬರುವಷ್ಟರಲ್ಲಿ ಆಗಲಿ ಎಂದು ಒತ್ತಿ ಹೋಗಿದ್ದಾಳೆ. ನನಗೆ ಹೇಳಲಿಲ್ಲ. ಹೇಳುವಂಥದ್ದು ಅಂತ ಅವಳಿಗೂ ಅನಿಸಲಿಲ್ಲ. ನಾನು ರೇಷನ್ ಚೀಲ ಹಿಡಿದು ಹೊರಟೆ. ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಿದ್ದವು, ಮೂವತ್ತೊಂದು ಅಂತ ಅಂಕಿ ಇತ್ತು. ಮುಂದೆ ಯಾರೂ ಕೂತಿಲ್ಲ, ಸುಮ್ಮನೆ ಉರಿಯುತ್ತಿದೆ ಎಂದುಕೊಂಡೆ. ಗ್ಯಾಸ್ ಮುಚ್ಚಿದೆ, ನಲ್ಲಿ ತಿರುಗಿಸಿದೆ, ಮೇನ್ ಆರಿಸಿದೆ, ಬೀಗ ಮೂರು ಸಲ ಜಗ್ಗಿದೆ.

ರೇಷನ್ ಅಂಗಡಿಯಲ್ಲಿ ಸರ್ವರ್ ಇಲ್ಲ ಅಂದರು. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮಿಷನ್ನೂ ಸತ್ತು ಬಿದ್ದಿತ್ತು. ಬಂದಾಗ ಫೋನ್ ಮಾಡಿಸುತ್ತೀವಿ ಅಂದರು. ಖಾಲಿ ಚೀಲ ಹಿಡಿದು ಮನೆಗೆ ಬಂದೆ, ಮೇನ್ ಹಾಕಿದೆ, ಅಕ್ಕಿ ಆರಿಸಲು ಕೂತೆ.

ಸೊಸೆ ಬಂದು ಗುಂಡಿ ಒತ್ತಿದಳು. ಕಂಪನಿಯ ಗುರುತಿನ ಚಿತ್ರ ಬಂತು, ಚುಕ್ಕಿ ಸುತ್ತಿತು, ನೀಲಿಯಾಯಿತು, ಆರಿತು. ಮತ್ತೆ ತಾನೇ ಹತ್ತಿಕೊಂಡಿತು. ಮತ್ತೆ ಅದೇ. ಹಾಲು ಉಕ್ಕಲು ಬಂದು ಇಳಿದುಹೋದ ಹಾಗೆ, ಮೇಲೆ ಬರುತ್ತಿತ್ತು, ಇಳಿಯುತ್ತಿತ್ತು. ಒಂದು ಸಲ ಇಂಗ್ಲಿಷಿನಲ್ಲಿ ಏನೋ ಬಂತು. ಏನಂತೆ ಅಂದೆ. ಬದಲಾವಣೆ ಪೂರ್ತಿಯಾಗಲಿಲ್ಲವಂತೆ, ಹಿಂದಕ್ಕೆ ಹೋಗ್ತಿದೆಯಂತೆ ಅಂದಳು. ಹಿಂದಕ್ಕೂ ಹೋಗಲಿಲ್ಲ.

ಅವಳು ನನ್ನ ಕಡೆ ತಿರುಗಿದಳು.

"ನಾನಿಲ್ದಾಗ ಕರೆಂಟ್ ಹೋಗಿತ್ತಾ ಅತ್ತೆ?"

"ಹ್ಞೂಂ, ಹೋಗಿತ್ತು" ಅಂದೆ.

ಯಾಕೆ ಅಂದೆ ಎಂದು ಈಗ ಕೇಳಿದರೆ ನೆಟ್ಟಗೆ ಉತ್ತರ ಕೊಡಲಾರೆ. ಬಿಟ್ಟೆ ಅಂತ ಹೇಳಿದ್ದನ್ನು ಬಿಟ್ಟಿರಲಿಲ್ಲ, ಅದು ಹೊರಗೆ ಬೀಳುವುದು ಬೇಡವಾಗಿತ್ತು. ಅದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ. ಅವಳು ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಹತ್ತು ದಿನ ಮುಂದೂಡಿದವಳು ಇನ್ನು ಮೂರು ದಿನ ಮುಂದೂಡಲಿಲ್ಲವಲ್ಲ, ಈ ವಾರವೇ ಯಾಕೆ ಒತ್ತಿದೆ ಎಂದು ಅದನ್ನೇ ಹೇಳಿಕೊಂಡಳು. ಹುಡುಗಿಗೆ ಫೋನ್ ಮಾಡಿ, ನನ್ನದೇ ತಪ್ಪು, ಏನಾದರೂ ಮಾಡ್ತೀನಿ ಅಂದಳು. ಆ ಕಡೆ ಹುಡುಗಿ ಏನಂದಳೋ ಗೊತ್ತಿಲ್ಲ. ನಾನು ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದೆ. ಆ ಅಕ್ಕಿಯಲ್ಲಿ ಕಲ್ಲಿರಲಿಲ್ಲ.

ಮಗ ಲಾರಿಯ ಮೇಲೆ ಹೊರಗೆ ಹೋಗಿದ್ದ, ವಾರವಿಡೀ ಇರಲಿಲ್ಲ. ಬುಧವಾರ ನಾವಿಬ್ಬರೇ ಆ ಕಂಪ್ಯೂಟರಿನ ಡಬ್ಬಿಯನ್ನು ಆಟೋದಲ್ಲಿಟ್ಟುಕೊಂಡು ಓಲ್ಡ್ ಟೌನಿನ ಒಂದು ರಿಪೇರಿ ಅಂಗಡಿಗೆ ಹೋದೆವು. ಅಲ್ಲಿದ್ದವನು ಡಬ್ಬಿ ಬಿಚ್ಚಲೂ ಇಲ್ಲ. ಫಾರ್ಮ್ಯಾಟ್ ಹೊಡೀಬೇಕು, ಸಂಜೆಗೆ ಬನ್ನಿ, ಹೊಸದರ ಹಾಗೆ ಓಡುತ್ತೆ ಅಂದ. ಒಳಗಿರೋದು ಅಂತ ಕೇಳಿದೆ. ಒಳಗಿರೋದೆಲ್ಲ ಹೋಗುತ್ತೆ ಅಜ್ಜಿ, ಫಾರ್ಮ್ಯಾಟ್ ಅಂದ್ರೆ ಅದೇ ತಾನೆ ಅಂದ.

"ತಳ ಹಿಡೀತು ಅಂತ ಪಾತ್ರೆ ತೊಳೀತಾರಪ್ಪ" ಅಂದೆ. "ಮೇಲಿರೋ ಅನ್ನ ತೆಗೆದಿಟ್ಟುಕೊಂಡು ತೊಳೀತಾರೆ."

ಅವನಿಗೆ ಸಿಟ್ಟು ಬಂತು. ಬರಲಿ. ಸೊಸೆ ಆಗಲಿ ಎಂದುಬಿಡುತ್ತಿದ್ದಳೋ ಏನೋ. ನಾನೇ ಡಬ್ಬಿ ಎತ್ತಿಕೊಂಡು ಆಚೆ ಬಂದೆ. ತಪ್ಪು ಮಾಡಿದವಳಿಗೆ ಗತ್ತು ಜಾಸ್ತಿ ಎಂದು ಆಮೇಲೆ ನನಗೇ ಅನ್ನಿಸಿತು. ಸಂಜೆ ಪಕ್ಕದ ಮನೆಯಾಕೆ ಬಂದು ಕರೆಂಟಿನವರಿಗೆ ಶಾಪ ಹಾಕಿದಳು. ನಮ್ಮ ಮನೇಲಿ ಅವತ್ತು ಹೋದದ್ದೇ ಗೊತ್ತಾಗಲಿಲ್ಲ ನೋಡಿ, ನಿಮ್ಮ ಲೈನಿಗೆ ಮಾತ್ರ ಬಂದು ಬಡೀತಲ್ಲ ಅಂದಳು. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ.

ಗುರುವಾರ ಬೆಳಿಗ್ಗೆ ಶಿವಮೊಗ್ಗದ ಬಸ್ಸು. ಅಲ್ಲಿ ಬಜಾರಿನ ಹಿಂದಿನ ಬೀದಿಯಲ್ಲಿ ಹಳೆಯ ರಿಪೇರಿಯವರು ಒಬ್ಬರಿದ್ದಾರೆ, ಒಳಗಿದ್ದದ್ದನ್ನು ಉಳಿಸಿಕೊಡುತ್ತಾರೆ ಎಂದು ಸೊಸೆಗೆ ಯಾರೋ ಹೇಳಿದ್ದರು. ಡಬ್ಬಿಯನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ಸೊಸೆ ಕೊಡಿ ಅಂದರೂ ಕೊಡಲಿಲ್ಲ. ಕಂಡಕ್ಟರು ಏನಜ್ಜಿ, ಮೊಮ್ಮಗೂನಾ ಅಂತ ತಮಾಷೆ ಮಾಡಿದ. ಮಗುವಾಗಿದ್ರೆ ಇಷ್ಟು ಹೊತ್ತಿಗೆ ಅತ್ತಿರೋದು, ಟಿಕೆಟ್ ಹರಿ ಅಂದೆ. ಸೊಸೆ ಕಿಟಕಿಯ ಆಚೆ ನೋಡುತ್ತಿದ್ದಳು. ಎರಡು ದಿನದಿಂದ ಅವಳು ಸರಿಯಾಗಿ ಉಂಡಿರಲಿಲ್ಲ. ಕುಪ್ಪಸದ ತೋಳು ಸಡಿಲವಾಗಿದ್ದು ನನಗೆ ಅವತ್ತೇ ಕಣ್ಣಿಗೆ ಬಿತ್ತು.

ಅಂಗಡಿ ಮಾಳಿಗೆಯ ಮೇಲೆ. ರಿಪೇರಿಯವರಿಗೆ ಐವತ್ತು ದಾಟಿತ್ತು, ಕನ್ನಡಕ ಹಣೆಯ ಮೇಲೆ. ಡಬ್ಬಿಯ ಪಕ್ಕದ ತಗಡು ಬಿಚ್ಚಿ ಮೊದಲು ಮೂಗು ಹತ್ತಿರ ತಂದು ಮೂಸಿದರು. ಅದು ನನಗೆ ಹಿಡಿಸಿತು. ನಮ್ಮವರೂ ಮೋಟಾರು ಬಿಚ್ಚಿದರೆ ಮೊದಲು ಮೂಸುತ್ತಿದ್ದರು, ಸುಟ್ಟಿದ್ದರೆ ವಾಸನೆ ಸುಳ್ಳು ಹೇಳಲ್ಲ ಅಂತ.

ಅವರು ಸೊಸೆಯನ್ನು ಕೇಳಿದರು. ಕರೆಂಟು ಹೇಗೆ ಹೋಯಿತು? ದೀಪ ಮಂಕಾಗಿ ಹೋಯಿತಾ, ಒಮ್ಮೆಗೇ ಹೋಯಿತಾ? ವಾಪಸು ಬಂದಾಗ ಜೋರಾಗಿ ಬಂತಾ? ನಾನು ಮನೇಲಿರಲಿಲ್ಲ, ಅತ್ತೆ ಇದ್ದರು ಅಂದಳು ಸೊಸೆ. ಅವರು ನನ್ನ ಕಡೆ ನೋಡಿದರು. ನಾನು ದುಪ್ಪಟಿ ಮಡಚುತ್ತಿದ್ದೆ.

ಅವರೇ ಮುಂದುವರಿಸಿದರು. ಕರೆಂಟು ಏರಿ ಹೊಡೆದಿದ್ದರೆ ಒಳಗಿನ ಡಿಸ್ಕಿಗೂ ಪೆಟ್ಟಾಗಿರಬಹುದು. ಈಗ ಅದಕ್ಕೆ ಮತ್ತೆ ಕರೆಂಟು ಕೊಟ್ಟರೆ ಉಳಿದಿರುವುದೂ ಹೋಗಬಹುದು. ಅದಕ್ಕೆ ಬೇರೆ ಕಡೆ ಕಳಿಸಿ ನೋಡಿಸಬೇಕು, ಶನಿವಾರ ಸಿಗುತ್ತದೆ. ಅಂದಾಜಿನ ಮೇಲೆ ನಾನು ಕೈ ಹಾಕಲ್ಲ ಅಂದರು.

ಶನಿವಾರ ಅಂದ ತಕ್ಷಣ ಸೊಸೆ ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು.

"ಕರೆಂಟ್ ಹೋಗಿಲ್ಲಪ್ಪ" ಅಂದೆ. "ನಾನೇ ಮೇನ್ ಆರ್ಸಿದ್ದು. ಮಂಗಳವಾರ, ಮೂವತ್ತೊಂದು ಅಂತ ಇದ್ದಾಗ."

ಸೊಸೆಯ ಬೆರಳು ನಿಂತಿತು. ನನ್ನ ಕಡೆ ನೋಡಲಿಲ್ಲ.

ರಿಪೇರಿಯವರು ಕನ್ನಡಕ ಕೆಳಗಿಳಿಸಿದರು. "ಪಕ್ಕಾನಾ ಅಮ್ಮ?"

"ನನ್ನ ಕೈಯಿಂದ ಆರ್ಸಿದ್ದು ನಂಗೆ ಗೊತ್ತಿರಲ್ವಾ."

"ಹಂಗಾದ್ರೆ ಫಿಕರ್ ಇಲ್ಲ. ಇದನ್ನ ಬಂದ ತಕ್ಷಣ ಹೇಳಿದ್ರೆ ಇಷ್ಟೊತ್ತಿಗೆ ಕೆಲಸ ಶುರುವಾಗ್ತಿತ್ತು."

ಅದೂ ನಿಜ. ಅವರು ಚಹಾ ತರಿಸಿ, ಕೆಲಸ ಮಾಡುತ್ತಲೇ ನನಗೆ ತಿಳಿಸಿ ಹೇಳಿದರು. ಅಪ್‌ಡೇಟ್ ಅಂದರೆ ಅದು ತನ್ನೊಳಗಿನ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುವ ಹೊತ್ತು. ಆಗ ಆರಿಸಿದರೆ ಹಳೆಯದೂ ಪೂರ್ತಿ ಇಲ್ಲ, ಹೊಸದೂ ಪೂರ್ತಿ ಇಲ್ಲ. ಹತ್ತಿಕೊಂಡಾಗ ಯಾವುದನ್ನು ಹಿಡಿದು ಏಳಬೇಕು ಎಂದು ಅದಕ್ಕೆ ತಿಳಿಯುವುದಿಲ್ಲ, ಬೀಳುತ್ತದೆ.

ನನಗೆ ಅಲ್ಲಿಯವರೆಗೆ ತಲೆಗೆ ಹತ್ತದ್ದು ಆಗ ಹತ್ತಿತು. ಕಾರ್ಖಾನೆಯ ಕುಲುಮೆ. ಕಬ್ಬಿಣ ಕಾಯುತ್ತಿರುವಾಗ ಕುಲುಮೆಯನ್ನು ನಿಲ್ಲಿಸುವ ಹಾಗಿಲ್ಲ. ನಿಂತರೆ ಒಳಗೇ ಹೆಪ್ಪುಗಟ್ಟಿ ಕೂರುತ್ತದೆ, ಆಮೇಲೆ ಉಳಿ ಹಾಕಿ ಒಡೆದು ತೆಗೆಯಬೇಕು. ನನ್ನ ಮಗ ಹುಟ್ಟಿದ ದಿನ ಯಜಮಾನರು ಆಸ್ಪತ್ರೆಗೆ ಬಂದದ್ದು ಎರಡನೇ ಶಿಫ್ಟು ಮುಗಿದ ಮೇಲೆ. ಬದಲಿಯವನು ಬಂದಿರಲಿಲ್ಲ, ಕುಲುಮೆಗೆ ಕರೆಂಟು ನೋಡುವವರಿರಲಿಲ್ಲ. ನಾನು ಒಂದು ತಿಂಗಳು ಅದನ್ನೇ ಎತ್ತಿ ಆಡಿದ್ದೆ. ಮನೆ ಬಿಟ್ಟರೆ ಮೇನ್ ಆರಿಸು ಅಂದವರೂ ಅವರೇ, ಕುಲುಮೆ ಹತ್ತಿದ್ದರೆ ಏನೇ ಆದರೂ ಆರಿಸಬೇಡ ಅಂದವರೂ ಅವರೇ. ನಾನು ಅರ್ಧ ಮಾತು ಮಾತ್ರ ಹಿಡಿದುಕೊಂಡಿದ್ದೆ.

ರಿಪೇರಿಯವರು ನಮ್ಮ ಡಿಸ್ಕನ್ನು ಕಳಚಿ ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿದರು. ಮೊದಲು ಒಳಗಿದ್ದದ್ದು ಆಚೆ ಬರಲಿ, ರಿಪೇರಿ ಆಮೇಲೆ ಅಂದರು. ನಾನು ಅನ್ನದ ಪಾತ್ರೆಯ ವಿಷಯ ಎತ್ತಲಿಲ್ಲ, ಗತ್ತು ಸಾಕಾಗಿತ್ತು. ಹಳದಿ ಚೀಲದಂಥ ಗುರುತುಗಳು ಸಾಲಾಗಿ ಬಂದವು. ಸೊಸೆ ಎದ್ದು ಹೋಗಿ ಒಂದರ ಮೇಲೆ ಬೆರಳಿಟ್ಟಳು. ತೆರೆದರು. ಅಕ್ಷರ ಬಂತು, ಕನ್ನಡ ಅಕ್ಷರ. ಅವಳು ಕೆಳಗೆ ಕೆಳಗೆ ಓಡಿಸುತ್ತಾ ಹೋದಳು, ಕೊನೆಯ ಪುಟದ ತನಕ. ಆಮೇಲೆ ಎಲ್ಲೋ ಮಧ್ಯದಲ್ಲಿ ನಿಲ್ಲಿಸಿದಳು. ದೊಡ್ಡದು ಮಾಡಿದಳು, ನಾನು ಓದುವಷ್ಟು ದೊಡ್ಡದು. ಬಿಂದಿಗೆ, ಕುಡಂ, ಬಿಂದೆ. ಕೆಳಗಿನ ಸಾಲಿನಲ್ಲಿ ನನ್ನ ಬೈಗುಳ. ಒಂದಕ್ಷರವೂ ಕರಗಿರಲಿಲ್ಲ. ರಿಪೇರಿಯವರು ಅದನ್ನು ಓದಿ ಕೆಮ್ಮಿದರು.

ಎರಡು ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಆಮೇಲೆ ಡಿಸ್ಕನ್ನು ವಾಪಸು ಕೂರಿಸಿ, ಅರ್ಧ ಕೂತ ಅಪ್‌ಡೇಟನ್ನು ಕಿತ್ತು ತೆಗೆದರು. ಅದಕ್ಕೆ ಎರಡು ಗಂಟೆ ಹಿಡಿಯಿತು. ಕೊನೆಗೆ ಸೊಸೆ ಇಟ್ಟುಕೊಂಡಿದ್ದ ಚಿತ್ರವೇ ಬಂತು, ತವರಿನ ಹಿತ್ತಿಲಿನ ದಾಸವಾಳ. ಹೊಸ ಅಪ್‌ಡೇಟನ್ನು ಬಿಡುವಾದಾಗ ಹಾಕಿಕೊಳ್ಳಿ, ಎಷ್ಟು ಹೊತ್ತಾದರೂ ಆಗಲಿ, ಮುಗಿಯುವ ತನಕ ಮುಟ್ಟಬೇಡಿ ಅಂದರು. ಯುಪಿಎಸ್ಸಿಗೆ ಬ್ಯಾಟರಿ ಹಾಕಿಸಿ ಎಂದೂ ಹೇಳಿದರು. ಹೇಳುವಾಗ ನೋಡಿದ್ದು ನನ್ನ ಕಡೆ.

ಬಸ್ಸಿನಲ್ಲಿ ಡಬ್ಬಿ ಮತ್ತೆ ನನ್ನ ತೊಡೆಯ ಮೇಲೆ. ಸೊಸೆ ಪಕ್ಕದಲ್ಲೇ ಕೂತಳು. ಬೈದಿದ್ದರೆ ಹಗುರವಾಗುತ್ತಿತ್ತು, ಅವಳಿಗೆ ಬೈಯಲು ಬರುವುದಿಲ್ಲ. ಮಾಚೇನಹಳ್ಳಿ ದಾಟಿದ ಮೇಲೆ ಕೇಳಿದಳು.

"ಯಾವಾಗಿಂದ ಆರಿಸ್ತಿದೀರಿ ಅತ್ತೆ?"

"ನಿಲ್ಸೇ ಇಲ್ಲ."

"ಮಾವ ಹೋಗಿ ಒಂಬತ್ತು ವರ್ಷ ಆಯ್ತು."

"ಅವ್ರು ಹೋದ್ರು. ಮೇನ್ ಅಲ್ಲೇ ಇದೆಯಲ್ಲ" ಅಂದೆ.

ಆರಿಸಿದ್ದಕ್ಕೆ ನಂಗೆ ಸಿಟ್ಟಿಲ್ಲ, ಎರಡು ದಿನ ನಂದೇ ತಪ್ಪು ಅಂದ್ಕೊಂಡು ಸತ್ತೆನಲ್ಲ, ಅದನ್ನ ನೋಡ್ತಾ ಕೂತಿದ್ರಲ್ಲ, ಅದೊಂದಕ್ಕೆ ಬೇಜಾರು ಅಂದಳು. ಸರಿಯಾದ ಮಾತು.

"ತಪ್ಪಾಯ್ತು ಮಾರಾಯ್ತಿ" ಅಂದೆ.

ಮದುವೆಯಾಗಿ ಬಂದಾಗಿನಿಂದ ಅವಳಿಗೆ ನಾನು ಆ ಮಾತು ಹೇಳಿರಲಿಲ್ಲ. ಹೇಳುವಂಥ ತಪ್ಪು ಮಾಡಿರಲಿಲ್ಲ ಅಂತಲ್ಲ. ಅವಳು ಡಬ್ಬಿಯ ಒಂದು ಬದಿಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಅರ್ಧ ಭಾರ ಆ ಕಡೆ ಹೋಯಿತು. ಭದ್ರಾವತಿ ಬರುವ ತನಕ ಹಾಗೇ ಕೂತೆವು. ಇಳಿಯುವಾಗ ನನ್ನ ಕಾಲು ಜೋಮು ಹಿಡಿದಿತ್ತು.

ಮರುದಿನ ಶುಕ್ರವಾರ, ಮೊದಲ ಬಸ್ಸಿಗೆ ಅವಳು ಪೆನ್‌ಡ್ರೈವನ್ನು ಹಣೆಗೊತ್ತಿಕೊಂಡು ಪರ್ಸಿನೊಳಗಿಟ್ಟು ಶಂಕರಘಟ್ಟಕ್ಕೆ ಹೊರಟಳು. ಪ್ರಿಂಟು ಅಲ್ಲೇ ಹೊಡೆಸಿಕೊಳ್ಳುವುದು ಎಂದಾಗಿತ್ತು. ಚಪ್ಪಲಿ ಮೆಟ್ಟಿದವಳು ಮತ್ತೆ ಬಿಚ್ಚಿ ಒಳಗೆ ಬಂದು ಕಂಪ್ಯೂಟರಿನಲ್ಲಿ ಏನೋ ಒತ್ತಿದಳು.

"ಅತ್ತೆ, ಅಪ್‌ಡೇಟ್ ಹಾಕಿದೀನಿ. ನೂರಾಗೋ ತನಕ ನೀವೇ ನೋಡ್ಕೊಳ್ಳಿ" ಅಂದಳು. ಪಕ್ಕದ ಮನೆಯವಳಿಗೆ ಹೇಳಿ ಹೋಗಬಹುದಿತ್ತು. ನನಗೆ ಹೇಳಿದಳು.

ಹತ್ತೂವರೆಗೆ ಫೋನ್ ಬಂತು, ಮೇಷ್ಟ್ರ ಸಹಿ ಆಯಿತು. ಹಿಂದಿನಿಂದ ಆ ಹುಡುಗಿ ಅಜ್ಜೀ ಅಂತ ಏನೋ ಕೂಗುತ್ತಿದ್ದಳು, ಕೇಳಿಸಲಿಲ್ಲ. ಫೋನ್ ಇಟ್ಟರೆ ರೇಷನ್ ಅಂಗಡಿಯಿಂದ ಇನ್ನೊಂದು. ಸರ್ವರ್ ಬಂದಿದೆ, ಅದು ಮತ್ತೆ ಹೋಗುವ ಮೊದಲು ಬನ್ನಿ ಅಂದರು.

ಪರದೆಯ ಮೇಲೆ ನಲವತ್ತಾರು ಇತ್ತು. ಚುಕ್ಕಿಗಳು ಸುತ್ತುತ್ತಿದ್ದವು.

ಚೀಲ ತೆಗೆದುಕೊಂಡೆ. ಗ್ಯಾಸ್ ಮುಚ್ಚಿದೆ, ನಲ್ಲಿ ತಿರುಗಿಸಿದೆ. ಬಾಗಿಲ ಪಕ್ಕದ ಮೇನಿನ ಕಡೆ ಕೈ ತಾನಾಗಿಯೇ ಹೋಯಿತು. ಅದನ್ನು ವಾಪಸು ತೆಗೆದುಕೊಂಡೆ. ಹೊರಗೆ ಬಂದು ಬೀಗ ಹಾಕಿದೆ, ಮೂರು ಸಲ ಜಗ್ಗಿ ನೋಡಿದೆ, ಮನೆಯನ್ನು ಹಾಗೇ ಉರಿಯಲು ಬಿಟ್ಟು ಅಕ್ಕಿ ತರಲು ಹೋದೆ.